ಭುಜದಿಂದ ಕತ್ತರಿಸಿದ ಸೊಂಟದ ತುಂಡು

ನನ್ನ ಮಾತಿನಲ್ಲಿ ಅರ್ಧ ಕಳೆದು ಉಳಿದರ್ಧವನ್ನು ನಂಬಬೇಕು ಎಂದು ನನ್ನ ಹೆಂಡತಿ, ಸೊಸೆ ಮನೆಗೆ ಬಂದ ವಾರದಲ್ಲೇ ಅವಳಿಗೆ ಹೇಳಿಕೊಟ್ಟಿದ್ದಳು. ಸೊಸೆ ಜಾಣೆ, ಉಳಿದ ಅರ್ಧದಲ್ಲೂ ಅರ್ಧ ಕಳೆಯುತ್ತಾಳೆ. ಪೂರ್ತಿ ನಂಬುವವರು ಮೊಮ್ಮಕ್ಕಳು ಮಾತ್ರ, ಅದೂ ಹಾಲುಹಲ್ಲು ಬೀಳುವ ತನಕ. ಮೂವತ್ತೊಂದು ವರ್ಷ ಕುಲುಮೆಯ ಮುಂದೆ ನಿಂತವನು ನಾನು. ಅದರ ಬಾಗಿಲು ತೆರೆದಾಗ ಬರುವ ಶಾಖಕ್ಕೆ ನನ್ನ ಮೀಸೆ ಎರಡು ಸಲ ಸುಟ್ಟಿತು, ಮೂರನೆಯ ಸಲ ಬಾಗಿಲ ಸದ್ದು ಕೇಳಿದ್ದೇ ತಾನಾಗಿ ಮೂಗಿನೊಳಗೆ ಹೊಕ್ಕು ಕೂತಿತು ಎಂದು ಹೇಳಿದರೆ, ಪಾಪ, ಅವರು ಟಾರ್ಚ್ ಹಿಡಿದು ನನ್ನ ಮೂಗಿನೊಳಗೆ ಇಣುಕುತ್ತಾರೆ.

ಇಂಥವನು ಬರೆಯುತ್ತಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ. ಮೀಸೆಯ ವಿಷಯ ಬಿಟ್ಟು ಇಲ್ಲಿ ಏನನ್ನೂ ಕಳೆಯಬೇಡಿ. ಇದು ಚುಕ್ಕಿಯಮ್ಮನ ಕತೆ. ಅವರ ಕತೆ ಹೇಳಲು ನನಗಿಂತ ಅಯೋಗ್ಯ ಮತ್ತೊಬ್ಬನಿಲ್ಲ. ಆದರೆ ನಡೆದದ್ದು ಪೂರ್ತಿ ಗೊತ್ತಿರುವವನೂ ನಾನೊಬ್ಬನೇ.

ನಮ್ಮ ಕಾರ್ಖಾನೆಯಲ್ಲಿ ಕಾರುಗಳ ಎಲುಬು ತಯಾರಾಗುತ್ತಿತ್ತು. ಕಾರಿನ ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವೆ ಒಂದು ಕಂಬ ಇರುತ್ತದಲ್ಲ, ಬೆಲ್ಟು ಎಳೆದುಕೊಳ್ಳುವಾಗ ಕೈ ತಾಗುವುದು, ಅದು. ಪಕ್ಕದಿಂದ ಇನ್ನೊಂದು ಗಾಡಿ ಬಂದು ಗುದ್ದಿದರೆ, ಗುದ್ದಿದ ಗಾಡಿಗೂ ಒಳಗೆ ಕೂತವರ ಪಕ್ಕೆಲುಬಿಗೂ ಮಧ್ಯೆ ಇರುವುದು ಆ ಕಂಬ ಒಂದೇ. ಅದು ತೆಳ್ಳಗೂ ಇರಬೇಕು, ಮಣಿಯಲೂಬಾರದು. ಅದಕ್ಕೆ ನಮ್ಮ ಉಪಾಯ ಹೀಗೆ: ಉಕ್ಕಿನ ಹಾಳೆಯನ್ನು ಒಂಬೈನೂರು ಡಿಗ್ರಿ ಮೀರಿ ಕಾಯಿಸಿ, ಕೆಂಪಗಿರುವಾಗಲೇ ಯಂತ್ರದ ಕೈಯಿಂದ ಎತ್ತಿ ಅಚ್ಚಿನೊಳಗೆ ಇಡುವುದು. ಪ್ರೆಸ್ಸು ಮೇಲಿಂದ ಬಂದು ಒತ್ತಿ, ಹತ್ತು ಸೆಕೆಂಡು ಹಾಗೇ ಹಿಡಿದು ನಿಲ್ಲುತ್ತದೆ. ಅಚ್ಚಿನ ಹೊಟ್ಟೆಯೊಳಗೆ ನರಗಳ ಹಾಗೆ ಕೊಳವೆಗಳು, ಅವುಗಳಲ್ಲಿ ತಣ್ಣೀರು. ಕೆಂಪು ಉಕ್ಕು ಆ ಹಿಡಿತದಲ್ಲೇ ಗಕ್ಕನೆ ತಣ್ಣಗಾಗಿ ಮೂರು ಪಟ್ಟು ಗಟ್ಟಿಯಾಗಿ ಹೊರಗೆ ಬರುತ್ತದೆ. ಕಾಯಿಸುವುದು ಕುಲುಮೆ, ಆಕಾರ ಕೊಡುವುದು ಅಚ್ಚು, ಗಟ್ಟಿ ಮಾಡುವುದು ನೀರು. ಈ ಕೊನೆಯದನ್ನು ನಾನು ಪ್ರೆಸ್ ವಿಭಾಗದ ಮೇಸ್ತ್ರಿಯಾಗಿ ಎಲ್ಲರಿಗೂ ಪಾಠ ಹೇಳುತ್ತಿದ್ದೆ. ಹೇಳುವುದು ಬೇರೆ, ತಿಳಿದಿರುವುದು ಬೇರೆ.

ಕಂಬಕ್ಕೆ ನಾವು ಮೈಯ ಹೆಸರುಗಳನ್ನೇ ಇಟ್ಟಿದ್ದೆವು. ಮೇಲಿನ ತುದಿ ತಲೆ, ಅದರ ಕೆಳಗಿನ ಅಗಲವಾದ ಸಪಾಟು ಜಾಗ ಭುಜ, ನಡುವೆ ಸಪುರವಾಗಿ ಬಾಗಿದ್ದು ಸೊಂಟ, ಕೆಳಗೆ ಪಾದ. ಎತ್ತರದ ಕಿಟಕಿಗಳ ಆ ದೊಡ್ಡ ಷೆಡ್ಡಿನಲ್ಲಿ "ಸೊಂಟಕ್ಕೆ ಎಣ್ಣೆ ಹಚ್ಚು", "ಭುಜ ಸವರಿ ನೋಡು" ಎಂದು ಕೂಗಾಡುತ್ತಿದ್ದ ನಮ್ಮ ದನಿ ಹೊಸಬರು ಯಾರಾದರೂ ಕೇಳಿಸಿಕೊಂಡರೆ ಮಾಲೀಶಿನ ಅಂಗಡಿ ಅಂದುಕೊಳ್ಳಬೇಕು.

ಕಂಬ ನಿಜಕ್ಕೂ ಗಟ್ಟಿಯಾಗಿದೆಯೇ ಎಂದು ನೋಡಿ ಹೇಳುವವರು ಚುಕ್ಕಿಯಮ್ಮ. ಕಂಬದಿಂದ ಉಗುರಿನಗಲದ ತುಂಡು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆವು. ಅವರು ಅದನ್ನು ಅಂಟಿನ ಬಿಲ್ಲೆಯಲ್ಲಿ ಕೂರಿಸಿ, ಕನ್ನಡಿಯಾಗುವ ತನಕ ಉಜ್ಜಿ, ವಜ್ರದ ಮೊನೆಯಿಂದ ಒಂದು ಚುಕ್ಕಿ ಒತ್ತುತ್ತಿದ್ದರು. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಚೌಕದ ಚುಕ್ಕಿ. ಚುಕ್ಕಿ ಚಿಕ್ಕದಾದರೆ ಉಕ್ಕು ಗಟ್ಟಿ, ದೊಡ್ಡದಾದರೆ ಮೆದು. ಸೂಕ್ಷ್ಮದರ್ಶಕದಲ್ಲಿ ಮೂಲೆಯಿಂದ ಮೂಲೆಗೆ ಅಳೆದು, ಇನ್ನೊಮ್ಮೆ ಅಳೆದು, ಅದರಿಂದ ಗಟ್ಟಿತನದ ಅಂಕಿ ಲೆಕ್ಕ ಹಾಕಿ (ಅಂಕಿ ಹೆಚ್ಚಿದಷ್ಟೂ ಉಕ್ಕು ಗಟ್ಟಿ), ಮೊದಲು ಪೆನ್ಸಿಲಿನಲ್ಲಿ, ಆಮೇಲೆ ಪೆನ್ನಿನಲ್ಲಿ ಬರೆಯುವರು. ಅದಕ್ಕೇ ಆ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಅವರು ನಮ್ಮಲ್ಲಿಗೆ ಬರುವ ಮೊದಲು ಕನ್ನಡಕದ ಅಂಗಡಿಯೊಂದರ ಹಿಂಕೋಣೆಯಲ್ಲಿ ಏಳು ವರ್ಷ ಗಾಜು ಉಜ್ಜಿದವರು. ಗಂಡ ಸರಕಿನ ವ್ಯಾನು ಓಡಿಸುತ್ತಿದ್ದವನು. ಒಂದು ಬೆಳಿಗ್ಗೆ ನಾಲ್ಕು ರಸ್ತೆ ಸೇರುವಲ್ಲಿ ಲಾರಿಯೊಂದು ಪಕ್ಕದಿಂದ ಗುದ್ದಿ, ಬಾಗಿಲು ಒಳಗೆ ಬಂದು ಅವನ ಸೊಂಟದ ಮೂಳೆ ಮುರಿಯಿತು. ಈಗ ಅವನು ಮನೆಯ ಮುಂಭಾಗದಲ್ಲಿ ಬೀಗದ ಕೈ ಮಾಡುವ ಅಂಗಡಿ ಇಟ್ಟುಕೊಂಡು ಎತ್ತರದ ಸ್ಟೂಲಿನ ಮೇಲೆ ಒಂದೇ ಪಕ್ಕಕ್ಕೆ ಕೂತಿರುತ್ತಾನೆ. ಇದನ್ನು ಚುಕ್ಕಿಯಮ್ಮ ಯಾರಿಗೂ ಹೇಳಿಕೊಂಡವರಲ್ಲ. ಮಾತು ಕಡಿಮೆ. ನಾನು ಟೀ ಹೊತ್ತಿನಲ್ಲಿ ಬುರುಡೆ ಬಿಡುವಾಗ ಮಾತ್ರ ಬಾಗಿಲ ಹತ್ತಿರ ಲೋಟ ಹಿಡಿದು ನಿಂತು, ನಗು ತಡೆಯಲಾಗದೆ ಟೀ ಚೆಲ್ಲಿಕೊಳ್ಳುತ್ತಿದ್ದರು. ಅವರ ಬಿಳಿ ಕೋಟಿನ ತೋಳಿನಲ್ಲಿದ್ದ ಟೀ ಕಲೆಗಳನ್ನೆಲ್ಲ ನನ್ನ ಸಾಧನೆ ಎಂದೇ ನಾನು ಲೆಕ್ಕ ಹಾಕುತ್ತಿದ್ದೆ.

ಹೊಸ ಕಾರಿಗೆ ಹೊಸ ಕಂಬ ಮಾಡುವ ಕೆಲಸ ಎರಡು ವರ್ಷದಿಂದ ನಡೆದಿತ್ತು. ಕೊನೆಗೆ ಅರವತ್ತು ಕಂಬಗಳನ್ನು ಪರೀಕ್ಷೆಗೆಂದು ಒತ್ತಿದೆವು. ಕಾರು ಮಾಡುವವರು ಗುರುವಾರ ಬಂದು, ಒಂದು ಕಾರಿನ ಮೈಗೆ ನಮ್ಮ ಕಂಬ ಹಾಕಿ, ಪಕ್ಕದಿಂದ ಗುದ್ದಿಸಿ ನೋಡುವವರಿದ್ದರು.

ಸೋಮವಾರ ಚುಕ್ಕಿಯಮ್ಮ ಷೆಡ್ಡಿಗೆ ಇಳಿದು ಬಂದರು.

"ಮೇಸ್ತ್ರಿ, ಸೊಂಟದಿಂದ ಒಂದು ತುಂಡು ಬೇಕಾಗಿತ್ತು."

"ಭುಜದ್ದು ಕಳಿಸಿದ್ದೀನಲ್ಲ ತಾಯಿ."

"ಯಾವಾಗಲೂ ಭುಜದ್ದೇ ಕಳಿಸ್ತೀರ. ಹೋದ ವರ್ಷದಿಂದ ಒಂದು ಡಬ್ಬಿ ತುಂಬ ಬರೀ ಭುಜ ಇದೆ ನನ್ನ ಹತ್ತಿರ."

"ಭುಜ ಗಟ್ಟಿ ಇದ್ದೋರಿಗೆ ಸೊಂಟಾನೂ ಗಟ್ಟಿ ಇರುತ್ತೆ. ನನ್ನ ನೋಡಿ."

"ನಿಮ್ಮ ಸೊಂಟದ ವಿಷಯ ನಿಮ್ಮ ಮನೆಯೋರನ್ನ ಕೇಳ್ಬೇಕು," ಎಂದರು ಚುಕ್ಕಿಯಮ್ಮ. ಸುತ್ತ ಇದ್ದವರೆಲ್ಲ ನಕ್ಕರು.

ಯಾವಾಗಲೂ ಭುಜದಿಂದಲೇ ಕತ್ತರಿಸುತ್ತಿದ್ದುದಕ್ಕೆ ಕಾರಣ ಇಷ್ಟೇ: ಅದು ಸಪಾಟು. ಕತ್ತರಿಸುವ ಚಕ್ರ ನೆಟ್ಟಗೆ ಇಳಿಯುತ್ತದೆ. ಸೊಂಟ ಬಾಗಿರುವ ಜಾಗ, ಅರ್ಧ ಸೀಳುವ ಹೊತ್ತಿಗೆ ಉಕ್ಕು ಮುಚ್ಚಿಕೊಂಡು ಚಕ್ರವನ್ನು ಕಚ್ಚಿ ಮುರಿಯುತ್ತದೆ. ಯಾರೂ ಹೀಗೆ ಮಾಡಿ ಎಂದು ಹೇಳಿರಲಿಲ್ಲ, ಕೈಗೆ ಸುಲಭವಾದದ್ದೇ ಪದ್ಧತಿಯಾಗಿತ್ತು. ನಾನು ಒಂದು ಸ್ಪಾನರ್ ತೆಗೆದುಕೊಂಡು ಕಂಬದ ಸೊಂಟಕ್ಕೆ ಬಾರಿಸಿದೆ. ಟಣ್ ಎಂದಿತು.

"ಕೇಳಿಸ್ತಾ? ಗಂಟೆ. ನನ್ನ ಕಿವಿ ಮೂವತ್ತು ವರ್ಷದಲ್ಲಿ ತಪ್ಪಿಲ್ಲ."

"ನನಗೆ ಕಿವಿಯಲ್ಲಿ ನಂಬರ್ ಬರಲ್ಲ ಮೇಸ್ತ್ರಿ. ನಾಳೆಯೊಳಗೆ ತುಂಡು ಕೊಡಿ," ಎಂದು ಹೋದರು.

ಕತ್ತರಿಸಲು ಹೋಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಹೋದೆ. ಸೊಂಟಕ್ಕೆ ಚಕ್ರ ಇಳಿಸಿದೆ, ಪಟ್ಟನೆ ಮುರಿಯಿತು. ಗೀರು ಮಾತ್ರ ಬಿತ್ತು. ಎರಡನೆಯ ಚಕ್ರವೂ ಹಾಗೇ ಹೋಯಿತು. ಉಳಿದದ್ದು ಒಂದು. ಹೊಸ ಚಕ್ರಗಳು ಬರುವುದು ಮುಂದಿನ ವಾರ. ಕೊನೆಯದೂ ಮುರಿದರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಎಲ್ಲರೆದುರು ಮೂತಿ ಸಣ್ಣ ಮಾಡಿಕೊಂಡು "ಆಗಲಿಲ್ಲ" ಅನ್ನಬೇಕು. ಅದಕ್ಕಿಂತ ಹೆಚ್ಚಾಗಿ, ನನ್ನ ಕಿವಿ ಟಣ್ ಎಂದು ಕೇಳಿಸಿಕೊಂಡಾಗಿತ್ತು. ಒಂದೇ ಕುಲುಮೆ, ಒಂದೇ ಹಾಳೆ, ಭುಜ ಗಟ್ಟಿ ಸೊಂಟ ಮೆದು ಆಗಲು ಹೇಗೆ ಸಾಧ್ಯ? ಕಂಬವನ್ನು ತಿರುಗಿಸಿ, ಆಗಲೇ ಒಂದು ತುಂಡು ತೆಗೆದಿದ್ದ ಭುಜದಿಂದಲೇ ಪಕ್ಕದಲ್ಲಿ ಇನ್ನೊಂದು ತುಂಡು ತೆಗೆದೆ. ಬಣ್ಣದ ಪೆನ್ನಿನಿಂದ ಅದರ ಮೇಲೆ "ಸೊಂಟ" ಎಂದು ಬರೆದೆ. ಅಕ್ಷರ ದುಂಡಗೆ ಬಂತು.

ಮರುದಿನ ಸಂಜೆ ಚುಕ್ಕಿಯಮ್ಮನೇ ಬಂದು ಹೇಳಿದರು. "ಐದು ಚುಕ್ಕಿ ಒತ್ತಿದೆ. ಐದೂ ನಾನೂರ ಎಂಬತ್ತರ ಆಸುಪಾಸು. ನೀವು ಹೇಳಿದ್ದೇ ಸರಿ ಮೇಸ್ತ್ರಿ. ಸುಮ್ಮನೆ ಚಕ್ರ ಮುರಿಸಿದೆ ನಿಮ್ಮ ಕೈಲಿ."

"ಕಿವಿ ತಾಯಿ, ಕಿವಿ," ಎಂದೆ ನಾನು.

ಗುರುವಾರ ಕಾರಿನ ಮೈಯನ್ನು ನಿಲ್ಲಿಸಿ, ಒಳಗೆ ಮನುಷ್ಯನ ಗಾತ್ರದ ಗೊಂಬೆಯನ್ನು ಬೆಲ್ಟು ಹಾಕಿ ಕೂರಿಸಿದರು. ಭಾರದ ಬಂಡಿಯೊಂದು ಹಳಿಯ ಮೇಲೆ ಬಂದು ಪಕ್ಕಕ್ಕೆ ಗುದ್ದಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಆದದ್ದನ್ನು ಆಮೇಲೆ ಪರದೆಯ ಮೇಲೆ ನಿಧಾನವಾಗಿ ತೋರಿಸಿದರು. ಭುಜ ನಿಂತಿತು. ಪಾದ ನಿಂತಿತು. ಸೊಂಟ ಮೊಣಕಾಲಿನ ಹಾಗೆ ಮಡಚಿಕೊಂಡು ಒಳಗೆ ಬಂದು ಗೊಂಬೆಯ ಪಕ್ಕೆಗೆ ಒತ್ತಿತು. ಗೊಂಬೆಯ ತಲೆ ಒಂದು ಪಕ್ಕಕ್ಕೆ ವಾಲಿತು. ನಾನು ಚುಕ್ಕಿಯಮ್ಮನ ಕಡೆ ನೋಡದೆ ಗೊಂಬೆಯನ್ನೇ ನೋಡುತ್ತ ನಿಂತೆ.

ಶುಕ್ರವಾರ ಅಚ್ಚು ಬಿಚ್ಚಿದರು. ಸೊಂಟದ ಹಿಂದಿನ ಕೊಳವೆಯಲ್ಲಿ ನೀರಿನ ಸುಣ್ಣ ಕಟ್ಟಿಕೊಂಡು ಬೆರಳು ತೂರದಷ್ಟು ಮುಚ್ಚಿಹೋಗಿತ್ತು. ನೀರು ಹೋಗದ ಕಡೆ ಉಕ್ಕು ನಿಧಾನವಾಗಿ ಆರಿದೆ, ಮೆತ್ತಗೆ ಉಳಿದಿದೆ. ಮಡಚಿದ ಸೊಂಟದಿಂದ ತೆಗೆದ ತುಂಡು ಇನ್ನೂರ ತೊಂಬತ್ತು ತೋರಿಸಿತು. ಅರವತ್ತು ಕಂಬಗಳೂ ಹಾಗೆಯೇ ಇರಬೇಕು.

ದೊಡ್ಡ ಸಾಹೇಬರು ನಮ್ಮನ್ನೆಲ್ಲ ಮೇಜಿನ ಸುತ್ತ ಕೂರಿಸಿದರು. ಚುಕ್ಕಿಯಮ್ಮನ ಕಾಗದ ಅವರ ಮುಂದಿತ್ತು.

"ಕೊಳವೆ ಕಟ್ಟಿ ತಿಂಗಳುಗಟ್ಟಲೆ ಆಗಿದೆ. ನಿಮ್ಮ ಕಾಗದದಲ್ಲಿ ಸೊಂಟ ನಾನೂರ ಎಂಬತ್ತು ಅಂತಿದೆ. ಹೇಗಮ್ಮ ಬಂತು ಇದು?"

"ನೋಡಿದ್ದನ್ನೇ ಬರೆದಿದ್ದೀನಿ ಸಾರ್. ಬಿಲ್ಲೆ ಇದೆ, ಬೇರೆಯವರೂ ಅಳೀಬಹುದು."

"ಅಳೆಸಿದ್ದೀನಿ. ಆ ಬಿಲ್ಲೆಯಲ್ಲಿರೋದು ಗಟ್ಟಿ ಉಕ್ಕೇ. ಆದರೆ ಅದು ಸೊಂಟದ್ದೇನಾ?" ಎಂದು ಸಾಹೇಬರು ನನ್ನ ಕಡೆ ತಿರುಗಿದರು. "ಮೇಸ್ತ್ರಿ, ನೀವು ಕೊಟ್ಟಿದ್ದು ಸೊಂಟದ ತುಂಡೇ ತಾನೆ?"

ಹೌದು ಎಂದಿದ್ದರೆ ಬರೀ ಸುಳ್ಳಾಗುತ್ತಿತ್ತು. ನಾನು ಅದಕ್ಕಿಂತ ಕೆಳಗೆ ಇಳಿದೆ.

"ಮತ್ತೆಲ್ಲಿಂದ ತರಲಿ ಸಾರ್, ನನ್ನ ಸೊಂಟದಿಂದ ಕೊಯ್ದು ಕೊಡೋಕಾಗುತ್ತಾ?"

ಕೋಣೆ ಬಿಗಿಯಾಗಿತ್ತಲ್ಲ, ಎಲ್ಲರೂ ಗೊಳ್ಳೆಂದು ನಕ್ಕರು. ಸಾಹೇಬರೂ ನಕ್ಕರು. ಚುಕ್ಕಿಯಮ್ಮನ ತುಟಿ ಕೂಡ ಅಭ್ಯಾಸದಂತೆ ಸ್ವಲ್ಪ ಅಲುಗಿತು.

"ಡಬ್ಬಿ ತುಂಬ ಹಳೇ ಭುಜದ ತುಂಡುಗಳಿವೆ. ಅಂಟಿನಲ್ಲಿ ಕೂರಿಸುವಾಗ ಅದಲು ಬದಲಾಗಿರಬೇಕು," ಎಂದರು ಸಾಹೇಬರು.

ಚುಕ್ಕಿಯಮ್ಮ ಬಹಳ ಹೊತ್ತು ತಮ್ಮ ಬೆರಳುಗಳನ್ನು ನೋಡಿಕೊಂಡರು. "ಆಗಿರಬಹುದು ಸಾರ್," ಎಂದರು. "ನನಗೆ ಹಾಗೆ ಮಾಡಿದ ನೆನಪಿಲ್ಲ. ಆದರೆ ಆಗಿರಬಹುದು."

ಸೋಮವಾರದಿಂದ ಅವರನ್ನು ಕಂಬಗಳಿಗೆ ಎಣ್ಣೆ ಸವರಿ ಕಾಗದ ಸುತ್ತುವ ಕಡೆಗೆ ಹಾಕಿದರು. ಬಿಳಿ ಕೋಟು ಹೋಗಿ ನೀಲಿ ಏಪ್ರನ್ ಬಂತು. ಟೀ ಹೊತ್ತಿನಲ್ಲಿ ಬಾಗಿಲ ಹತ್ತಿರ ನಿಲ್ಲುವುದನ್ನು ಬಿಟ್ಟರು. ನಾನು ಬುರುಡೆ ಬಿಡುವುದನ್ನು ಬಿಡಲಿಲ್ಲ. ಬಿಟ್ಟರೆ ಯಾರಿಗಾದರೂ ಅನುಮಾನ ಬಂದೀತು ಎಂಬ ಭಯ. ಕೆಲವು ದಿನ ಮೊದಲಿಗಿಂತ ಚೆನ್ನಾಗಿಯೇ ಬಿಟ್ಟೆ.

ಇಪ್ಪತ್ತಮೂರು ದಿನ ಹೀಗೆ ಹೋಯಿತು. ಇಪ್ಪತ್ತನಾಲ್ಕನೆಯ ದಿನ ಟೀ ಹೊತ್ತಿನಲ್ಲಿ ಹೇಳಿಬಿಟ್ಟೆ. "ಕೇಳ್ರಪ್ಪಾ. ಆ ತುಂಡು ಭುಜದ್ದೇ. ಸೊಂಟ ಅಂತ ಬರೆದು ಕೊಟ್ಟಿದ್ದು ನಾನು."

ಕ್ರೇನು ಓಡಿಸುವವನು ಲೋಟ ಕೆಳಗಿಟ್ಟು, "ಮೇಸ್ತ್ರಿ, ಇದೊಂದು ಬುರುಡೆ ನಿಮಗೆ ಶೋಭೆ ತರುತ್ತೆ," ಎಂದ. "ಆ ಹೆಣ್ಮಗಳ ಮಾನ ಉಳಿಸೋಕೆ ತನ್ನ ಮೈಮೇಲೆ ಎಳ್ಕೋತಿದ್ದಾರೆ ನೋಡ್ರೋ. ದೊಡ್ಡ ಮನಸ್ಸು."

"ಅಲ್ಲಪ್ಪ, ನಿಜವಾಗ್ಲೂ ನಾನೇ."

"ಹೂಂ ಹೂಂ, ಮೀಸೆ ಮೂಗೊಳಗೆ ಹೋಗಿದ್ದೂ ನಿಜವಾಗ್ಲೂನೇ."

ಸಂಜೆಯ ಹೊತ್ತಿಗೆ ಮಾತು ಸಾಹೇಬರ ತನಕ ಹೋಗಿ, ಅವರು ನನ್ನನ್ನು ಕರೆದು ಹೆಗಲ ಮೇಲೆ ಕೈ ಇಟ್ಟರು. "ನಿಮ್ಮ ಒಳ್ಳೇತನ ಅರ್ಥ ಆಗುತ್ತೆ ಮೇಸ್ತ್ರಿ. ಆದರೆ ಕಾರ್ಖಾನೆ ನಡೆಸೋದು ಹಾಗಲ್ಲ." ನಾನು ಕೈ ಮುಗಿದು ಹೊರಗೆ ಬಂದೆ. ಹೇಳಿಯೂ ಆಯಿತು, ಏನೂ ಕಳೆದುಕೊಳ್ಳಲೂ ಇಲ್ಲ ಎಂದು ಹಗುರಾಗಿ ಮನೆಗೆ ನಡೆದೆ. ದಾರಿಯಲ್ಲಿ ನಾನು ನಿಜಕ್ಕೂ ದೊಡ್ಡ ಮನಸ್ಸಿನವನು ಎಂದು ಎರಡು ಬೀದಿಯಷ್ಟು ದೂರ ನನಗೇ ಅನ್ನಿಸಿತು. ನನ್ನ ಜೀವನದಲ್ಲಿ ನಾಚಿಕೆ ಪಡಬೇಕಾದ ಜಾಗ ಬಹಳ ಇವೆ. ಆ ಎರಡು ಬೀದಿಗಳಷ್ಟು ಇನ್ನಾವುದೂ ಇಲ್ಲ.

ಮನೆಯಲ್ಲಿ ಹೆಂಡತಿ ಪೂರ್ತಿ ಕೇಳಿಸಿಕೊಂಡಳು. ಅರ್ಧವನ್ನೂ ಕಳೆಯಲಿಲ್ಲ.

"ನೀವು ಬುರುಡೆ ಬಿಡುವಾಗ ಕೈ ಎರಡೂ ಗಾಳಿಯಲ್ಲಿರುತ್ತೆ," ಎಂದಳು. "ಈಗ ತೊಡೆ ಕೆಳಗೆ ಇಟ್ಕೊಂಡು ಕೂತಿದ್ದೀರಿ. ಮಾಡಿದ್ದೀರಿ ನೀವು ಇದನ್ನ."

"ಯಾರೂ ನಂಬ್ತಿಲ್ವಲ್ಲೇ."

"ನಂಬೋ ಥರ ಹೇಳಿದ್ರಾ? ಟೀ ಕುಡೀತಾ ಹೇಳಿದ್ರಿ. ಅವರ ಮನೆಗೆ ಹೋಗಿ. ಬರಿಗೈಲಿ ಹೋಗಿ, ಹಣ್ಣು ಗಿಣ್ಣು ಹಿಡ್ಕೊಂಡು ಹೋಗಬೇಡಿ. ನೀವೇನು ರೋಗಿ ನೋಡೋಕೆ ಹೋಗ್ತಿಲ್ಲ."

ಭಾನುವಾರ ಮಧ್ಯಾಹ್ನ ಹೋದೆ. ಮುಂದಿನ ಅಂಗಡಿಯಲ್ಲಿ ಗಂಡ ಬೀಗದ ಕೈಗೆ ಅರ ಉಜ್ಜುತ್ತಿದ್ದ. "ಒಳಗಿದ್ದಾಳೆ ಮೇಸ್ತ್ರಿ, ಹೋಗಿ. ನಿಮ್ಮ ಕತೆ ಕೇಳಿದರೆ ಸ್ವಲ್ಪ ನಕ್ಕಾಳು," ಎಂದ.

ಅಡುಗೆಮನೆಯ ಮೇಜಿನ ಹತ್ತಿರ ಕುರ್ಚಿ ಕೊಟ್ಟರು. ಕೂತವನಿಗೆ ಮೊದಲು ಕಂಡದ್ದು ಡಬ್ಬಿಗಳು. ಗೋಡೆಯ ಹಲಗೆಯ ಮೇಲಿದ್ದ ಪ್ರತಿ ಡಬ್ಬಿಗೂ ಕಾಗದದ ಚೀಟಿ. ಉಪ್ಪು. ಸಕ್ಕರೆ. ಅಕ್ಕಿ. ಗಾಜಿನಲ್ಲಿ ಒಳಗಿರುವುದು ಕಾಣುತ್ತಿದ್ದ ಡಬ್ಬಿಗೂ ಚೀಟಿ. ಒಲೆಯ ಪಕ್ಕದ ಗೋಡೆಗೆ ಒಂದು: "ಆರಿಸಿದೆಯಾ ನೋಡು". ಪೆನ್ಸಿಲಿನಲ್ಲಿ ಬರೆದು ಮೇಲೆ ಪೆನ್ನಿನಲ್ಲಿ ತಿದ್ದಿದ ಅಕ್ಷರ.

ನಾನು ನೋಡುತ್ತಿರುವುದನ್ನು ಅವರು ನೋಡಿದರು. "ನಮ್ಮಮ್ಮನಿಗೆ ಐವತ್ತಕ್ಕೇ ಮರೆವು ಶುರುವಾಯ್ತು ಮೇಸ್ತ್ರಿ," ಎಂದರು ಮೆಲ್ಲಗೆ. "ಕೊನೆಕೊನೆಗೆ ನನ್ನನ್ನೇ ಯಾರು ಅಂತಿದ್ದಳು. ನನಗೆ ಈಗ ನಲವತ್ತೇಳು. ಆ ತುಂಡು ಬದಲಾಯಿಸಿದ್ದು ನನಗೆ ಒಂಚೂರೂ ನೆನಪಿಲ್ಲ. ಎಷ್ಟು ಯೋಚನೆ ಮಾಡಿದರೂ ಇಲ್ಲ. ಅದಕ್ಕೇ ಈಗಿಂದ್ಲೇ ಬರೆದಿಡೋದು ಒಳ್ಳೇದು ಅಂತ."

ನಾನು ಅವರ ಕೆಲಸ ಕಳೆದೆ ಎಂದುಕೊಂಡು ಹೋಗಿದ್ದೆ. ಕಳೆದದ್ದು ಕೆಲಸವಲ್ಲ ಎಂದು ಆ ಚೀಟಿಗಳ ಮುಂದೆ ತಿಳಿಯಿತು.

"ನಿಮಗೆ ಮರೆವಿಲ್ಲ," ಎಂದೆ. "ನಾನು ಕೊಟ್ಟಿದ್ದೇ ಭುಜದ ತುಂಡು. ಚಕ್ರ ಮುರೀತು. ಕೊನೇದು ಉಳಿಸ್ಕೊಳ್ಳೋಕೆ ಭುಜದಿಂದ ಕತ್ತರಿಸಿ ಸೊಂಟ ಅಂತ ಬರೆದೆ. ಸಾಹೇಬರು ಕೇಳಿದಾಗ ತಮಾಷೆ ಮಾಡಿದೆ."

ಅವರು ಬೈಯುತ್ತಾರೆ ಎಂದುಕೊಂಡೆ, ಅಳುತ್ತಾರೆ ಎಂದುಕೊಂಡೆ. ಎದ್ದು ನಲ್ಲಿಯ ಹತ್ತಿರ ಹೋಗಿ ಒಂದು ಲೋಟ ನೀರು ಕುಡಿದರು. ತಿರುಗಿ ನಿಂತು ಕೇಳಿದ್ದು ಒಂದೇ ಪ್ರಶ್ನೆ.

"ಕತ್ತರಿಸಿದ ಕಂಬ ಎಲ್ಲಿದೆ?"

"ಗುಜರಿ ತೊಟ್ಟಿಯಲ್ಲಿರಬೇಕು."

"ಭುಜದಲ್ಲಿ ಎರಡು ಕಚ್ಚು ಇರುತ್ತೆ. ಸೊಂಟದಲ್ಲಿ ಗೀರು ಮಾತ್ರ."

"ಹೌದು."

"ತೊಟ್ಟಿ ಖಾಲಿ ಮಾಡೋದು ಮೂರು ತಿಂಗಳಿಗೊಮ್ಮೆ, ಇನ್ನೂ ಆಗಿಲ್ಲ. ನಾಳೆ ಏಳು ಗಂಟೆಗೆ ಬನ್ನಿ," ಎಂದರು. ಟೀ ಬೇಕಾ ಎಂದು ಕೇಳಲಿಲ್ಲ.

ಬೆಳಿಗ್ಗೆ ಏಳಕ್ಕೆ ನಾನು ತೊಟ್ಟಿಗೆ ಇಳಿದೆ. ಅವರು ಮೇಲೆ ನಿಂತಿದ್ದರು. ಒಂದು ತಾಸು ತುಕ್ಕಿನಲ್ಲಿ ಹೊರಳಾಡಿದ ಮೇಲೆ ಅದು ಸಿಕ್ಕಿತು. ಭುಜದಲ್ಲಿ ಅಕ್ಕಪಕ್ಕ ಎರಡು ಕಚ್ಚು, ಸೊಂಟದಲ್ಲಿ ಚಕ್ರ ಮುರಿದ ಗೀರು. ಚುಕ್ಕಿಯಮ್ಮ ಕಚ್ಚುಗಳ ಮೇಲೆ ಬೆರಳಾಡಿಸಿದರು, ಒಮ್ಮೆ, ಇನ್ನೊಮ್ಮೆ. ಅವರ ಮುಖದಿಂದ ಏನೋ ಭಾರ ಇಳಿದುಹೋಯಿತು. ನನ್ನ ಕಡೆ ನೋಡಿ ಅಲ್ಲ, ಆ ಕಂಬದ ಕಡೆ ನೋಡಿ.

ಸಾಹೇಬರ ಕೋಣೆಯ ಮೆಟ್ಟಿಲು ಹತ್ತುವಾಗ, ಕಂಬ ಹೊತ್ತಿದ್ದ ನಾನು ಹೇಗೆ ಶುರು ಮಾಡಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಚುಕ್ಕಿಯಮ್ಮನಿಗೆ ಅದು ತಿಳಿದಿರಬೇಕು.

"ಮೇಸ್ತ್ರಿ, ಕತೆ ಬೇಡ," ಎಂದರು ಹಿಂದಿನಿಂದ. "ಮೂರು ಮಾತು. ಎಲ್ಲಿಂದ ಕತ್ತರಿಸಿದ್ರಿ, ಏನು ಬರೆದ್ರಿ, ಕೇಳಿದಾಗ ಏನು ಹೇಳಿದ್ರಿ. ಅಷ್ಟೇ."

ಮೂರೇ ಮಾತು ಹೇಳಿದೆ. ಅದಕ್ಕೂ ಮೊದಲು ನಾನು ಯಾವುದನ್ನೂ ಮೂರು ಮಾತಿನಲ್ಲಿ ಹೇಳಿದವನಲ್ಲ. ಸಾಹೇಬರು ಕಂಬದ ಕಚ್ಚುಗಳನ್ನು ನೋಡಿದರು, ನನ್ನನ್ನು ನೋಡಿದರು. ಈ ಸಲ ಹೆಗಲ ಮೇಲೆ ಕೈ ಇಡಲಿಲ್ಲ.

ಚುಕ್ಕಿಯಮ್ಮ ಮರುದಿನವೇ ಬಿಳಿ ಕೋಟಿಗೆ ಹಿಂತಿರುಗಿದರು. ಅವರೇ ಪಟ್ಟು ಹಿಡಿದು, ಇನ್ನು ಮುಂದೆ ಪ್ರತಿ ಕಂಬದ ತಲೆ, ಭುಜ, ಸೊಂಟ, ಪಾದ ನಾಲ್ಕೂ ಕಡೆಯ ತುಂಡು ಬರಬೇಕೆಂದು ನಿಯಮ ಮಾಡಿಸಿದರು. ವಾರಕ್ಕೊಮ್ಮೆ ಅಚ್ಚಿನ ಕೊಳವೆ ತೊಳೆಯುವುದೂ ಶುರುವಾಯಿತು. ನಾಲ್ಕು ತಿಂಗಳ ನಂತರ ಮತ್ತೆ ಗುದ್ದಿಸಿ ನೋಡಿದಾಗ ಸೊಂಟ ಮಣಿಯಲಿಲ್ಲ, ಗೊಂಬೆ ನೆಟ್ಟಗೆ ಕೂತಿತ್ತು. ನನ್ನ ಮೇಸ್ತ್ರಿಗಿರಿ ಹೋಯಿತು. ಕತ್ತರಿಸುವ ಚಕ್ರದ ಮುಂದೆ ನಿಲ್ಲಿಸಿದರು, ನಿವೃತ್ತಿಯ ತನಕ ಅದೇ ಕೆಲಸ. ಅದು ಶಿಕ್ಷೆ ಎಂದು ಯಾರೂ ಹೇಳಲಿಲ್ಲ. ಷೆಡ್ಡಿನವರು ಮಾತ್ರ ಇಂದಿಗೂ, ಹೆಣ್ಮಗಳಿಗಾಗಿ ಕುರ್ಚಿ ಬಿಟ್ಟುಕೊಟ್ಟ ಪುಣ್ಯಾತ್ಮ ಎಂದೇ ನನ್ನನ್ನು ಕರೆಯುತ್ತಾರೆ. ಎಷ್ಟು ಸಲ ಅಲ್ಲ ಎಂದರೂ ಕಣ್ಣು ಹೊಡೆಯುತ್ತಾರೆ. ಅದಕ್ಕೇ ಇದನ್ನು ಬರೆಯಬೇಕಾಯಿತು.

ನಾನು ಆ ಚಕ್ರದ ಮುಂದೆ ಆರು ವರ್ಷ ನಿಂತೆ. ತುಂಡು ಬೇಕಾದಾಗಲೆಲ್ಲ ಚುಕ್ಕಿಯಮ್ಮ ಪ್ರಯೋಗಾಲಯದಿಂದ ಇಳಿದು ಬರುವರು. ಕತ್ತರಿಸುವ ಮೊದಲೇ ಕಂಬದ ಮೇಲೆ ತಮ್ಮ ಕೈಯಿಂದ ಗುರುತು ಬರೆಯುವರು. ಚಕ್ರದ ನೀರು ಕನ್ನಡಕಕ್ಕೆ ಸಿಡಿಯುತ್ತಿದ್ದರೂ ಅಲುಗದೆ ನಿಂತು, ತುಂಡು ಬೀಳುತ್ತಲೇ ತಾವೇ ಎತ್ತಿಕೊಂಡು ಹೋಗುವರು. ಒರಟು ಮಾತಾಡಿದವರಲ್ಲ, ನನ್ನ ಮೊಮ್ಮಗಳು ಹುಟ್ಟಿದಾಗ ಉಣ್ಣೆಯ ಟೋಪಿ ಹೆಣೆದು ಕೊಟ್ಟರು. ಒಂದು ದಿನ ಅವರಿಗೆ ಮೈ ಕಾದು ಜ್ವರ ಬಂದಿತ್ತು, ನಿಲ್ಲಲು ಆಗುತ್ತಿರಲಿಲ್ಲ.

"ನೀವು ಮೇಲೆ ಹೋಗಿ ಕೂತ್ಕೊಳ್ಳಿ ತಾಯಿ," ಎಂದೆ. "ಗುರುತು ಹಾಕಿದ್ದೀರಲ್ಲ. ನಾನೇ ಕತ್ತರಿಸಿ ತಂದುಕೊಡ್ತೀನಿ."

ಅವರು ಪಕ್ಕದಲ್ಲಿದ್ದ ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು.

"ಇರಲಿ ಬಿಡಿ," ಎಂದರು. "ಇಲ್ಲೇ ಕೂತಿರ್ತೀನಿ. ನೀವು ಶುರು ಮಾಡಿ."